ಗಿಟಾರ್ ನೆಕ್ ಕೆತ್ತಲು ಯಾವ ರಾಸ್ಪ್, ಯಾವ ಫೈಲ್?

ಅರ ಎಂದರೆ ನಮ್ಮ ಮಾತಿನಲ್ಲಿ ಉಜ್ಜಿ ಸವೆಸುವ ಉಕ್ಕಿನ ಪಟ್ಟಿಗಳೆಲ್ಲ ಬಂದುಬಿಡುತ್ತವೆ. ಗಿಟಾರ್ ಕೆಲಸಕ್ಕೆ ಕೈ ಹಾಕುವವರು ಮೊದಲು ಈ ಒಂದು ಹೆಸರನ್ನು ಎರಡಾಗಿ ಬಿಡಿಸಿಕೊಳ್ಳಬೇಕು. ಮೈಮೇಲೆ ಓರೆಯಾಗಿ ಉದ್ದ ಗೆರೆಗಳು ಕೊರೆದಿದ್ದರೆ ಅದು ಫೈಲ್. ಗೆರೆಗಳಿಲ್ಲದೆ ಒಂದೊಂದು ಹಲ್ಲೂ ಬಿಡಿಬಿಡಿಯಾಗಿ ಮುಳ್ಳಿನಂತೆ ಎದ್ದಿದ್ದರೆ ಅದು ರಾಸ್ಪ್. ರಾಸ್ಪ್ ಮರವನ್ನು ಬೇಗ ತೆಗೆಯುತ್ತದೆ, ಗೀರು ಬಿಡುತ್ತದೆ. ಫೈಲ್ ಆ ಗೀರನ್ನು ಅಳಿಸಿ ಮೈಯನ್ನು ಒಂದು ಸಮಕ್ಕೆ ತರುತ್ತದೆ. ನೆಕ್‌ಗೆ, ಅಂದರೆ ಬಾಡಿಯಿಂದ ಹೊರಚಾಚಿ ಕೈಗೆ ಸಿಗುವ ಉದ್ದ ಭಾಗಕ್ಕೆ, ಎರಡೂ ಬೇಕು.

ಕೊಳ್ಳುವಾಗ ಹೆಚ್ಚಿನವರು ಎಷ್ಟು ಬೇಗ ಮರ ತೆಗೆಯುತ್ತದೆ ಎಂದು ಕೇಳುತ್ತಾರೆ. ಕೇಳಬೇಕಾದದ್ದು ಎಷ್ಟು ಆಳದ ಗೀರು ಬಿಡುತ್ತದೆ ಎಂದು. ಗೀರಿನ ತಳ ನಿಮ್ಮ ಅಂತಿಮ ಅಳತೆಗಿಂತ ಕೆಳಗೆ ಹೋಯಿತೆಂದರೆ, ಅದನ್ನು ಅಳಿಸಲು ಇಡೀ ನೆಕ್ಕನ್ನೇ ತೆಳುಮಾಡಬೇಕಾಗುತ್ತದೆ. ಮೊದಲ ಸಲ ನೆಕ್ ಕೆತ್ತಿದವರ ಕೈಯಲ್ಲಿ 21 ಮಿ.ಮೀ. ದಪ್ಪ ಇರಬೇಕಾದದ್ದು 19ಕ್ಕೆ ಇಳಿಯುವುದು ಹೀಗೆಯೇ.

ಹಲ್ಲು ನಿಂತಿರುವ ಬಗೆ

ರಾಸ್ಪನ್ನು ಬೆಳಕಿಗೆ ಹಿಡಿದು ತುದಿಯಿಂದ ಹಿಡಿಯ ಕಡೆಗೆ ಕಣ್ಣು ಹಾಯಿಸಿ. ಯಂತ್ರದಲ್ಲಿ ಹಲ್ಲೆಬ್ಬಿಸಿದ ಸಾಮಾನ್ಯ ರಾಸ್ಪ್ ಆದರೆ ಹಲ್ಲುಗಳು ನೇರ ಸಾಲಿನಲ್ಲಿ ಒಂದರ ಹಿಂದೆ ಒಂದು ನಿಂತಿರುತ್ತವೆ. ಅದನ್ನು ತಳ್ಳಿದಾಗ ಮುಂದಿನ ಹಲ್ಲು ಮಾಡಿದ ಗೀರಿನಲ್ಲೇ ಹಿಂದಿನ ಹಲ್ಲೂ ಇಳಿಯುತ್ತದೆ. ಗೀರು ಆಳವಾಗುತ್ತಾ ಹೋಗುತ್ತದೆ, ಎರಡು ಗೀರಿನ ನಡುವಿನ ಏಣು ಹಾಗೇ ಉಳಿಯುತ್ತದೆ. ಐದಾರು ಸಲ ತಳ್ಳುವಷ್ಟರಲ್ಲಿ ರಾಸ್ಪ್ ಆ ಜಾಡಿಗೆ ಸಿಕ್ಕಿಕೊಂಡು ಅಲ್ಲೇ ಓಡತೊಡಗುತ್ತದೆ, ನೀವು ಬೇರೆ ಕಡೆ ತಿರುಗಿಸಿದರೂ ಅಲ್ಲಿಗೇ ಜಾರುತ್ತದೆ. ಮೇಪಲ್‌ನಂಥ ಗಟ್ಟಿ ಮರದಲ್ಲಿ ಕಟಕಟ ಸದ್ದೂ ಬರುತ್ತದೆ.

ಕೈಯಿಂದ ಹಲ್ಲೆಬ್ಬಿಸಿದ ರಾಸ್ಪ್ ಬೇರೆ ರೀತಿಯದು. ಮೆದುವಾಗಿಸಿದ ಉಕ್ಕಿನ ಪಟ್ಟಿಯ ಮೇಲೆ ಚೂಪಾದ ಚಾಣ ಇಟ್ಟು, ಸುತ್ತಿಗೆಯ ಒಂದೊಂದು ಏಟಿಗೆ ಒಂದೊಂದು ಹಲ್ಲು ಎಬ್ಬಿಸಿ, ಆಮೇಲೆ ಕಾಯಿಸಿ ಗಟ್ಟಿ ಮಾಡುತ್ತಾರೆ. ಕೈಯ ಏಟು ಒಂದು ಕೂದಲೆಳೆ ಆಚೀಚೆ ಬೀಳುವುದರಿಂದ ಯಾವ ಹಲ್ಲೂ ಇನ್ನೊಂದರ ಹಿಂದೆ ಸರಿಯಾಗಿ ನಿಂತಿರುವುದಿಲ್ಲ. ಮುಂದಿನದು ಬಿಟ್ಟ ಏಣನ್ನು ಹಿಂದಿನದು ತೆಗೆಯುತ್ತದೆ. ಹಾಗಾಗಿ ಅಷ್ಟೇ ದೊಡ್ಡ ಹಲ್ಲಿದ್ದರೂ ಮೈ ನಯವಾಗಿ ಬರುತ್ತದೆ, ತಳ್ಳುವಾಗ ಅದುರುವುದಿಲ್ಲ. ಫ್ರಾನ್ಸ್‌ನ ಔರಿಯೋ ಮತ್ತು ಲಿಯೋಜಿಯೆ ಈ ಬಗೆಯ ರಾಸ್ಪ್‌ಗೆ ಹೆಸರಾದ ತಯಾರಕರು. ಯಂತ್ರದ್ದಕ್ಕೂ ಕೈಯದ್ದಕ್ಕೂ ನಡುವಿನ ದಾರಿ ನಿಕೋಲ್ಸನ್ ಕಂಪನಿಯ 49 ಮತ್ತು 50. ಯಂತ್ರದಲ್ಲೇ ಮಾಡಿದರೂ ಹಲ್ಲಿನ ಅಂತರವನ್ನು ಬೇಕೆಂದೇ ಏರುಪೇರು ಮಾಡಿರುತ್ತಾರೆ. 49 ಒರಟು, 50 ನಯ.

ಫ್ರೆಂಚ್ ರಾಸ್ಪ್‌ಗಳ ಮೇಲೆ ಗ್ರೇನ್ ಸಂಖ್ಯೆ ಇರುತ್ತದೆ. 1 ತೀರಾ ಒರಟು, 15 ತೀರಾ ನಯ. ನೆಕ್ ಕೆಲಸಕ್ಕೆ 9 ಅಥವಾ 10 ಮುಖ್ಯ ಆಯುಧ. ಹೀಲ್ (ನೆಕ್ ಬಾಡಿಗೆ ಸೇರುವ ದಪ್ಪ ಬುಡ), ವೊಲ್ಯೂಟ್ (ನೆಕ್ ತಲೆಗೆ ಸೇರುವಲ್ಲಿ ಹಿಂಬದಿಯ ಉಬ್ಬು) ಇಂಥ ಸೂಕ್ಷ್ಮ ಜಾಗಕ್ಕೆ 13. 6ಕ್ಕಿಂತ ಒರಟಾದದ್ದು ನೆಕ್‌ಗೆ ಬೇಡವೇ ಬೇಡ. ಅಷ್ಟು ಮರ ತೆಗೆಯಬೇಕಿದ್ದರೆ ಗರಗಸ, ಉಳಿ ಅಥವಾ ಸ್ಪೋಕ್‌ಶೇವ್ (ಎರಡು ಹಿಡಿಯ ಚಿಕ್ಕ ಕೀಸುಳಿ) ಇನ್ನೂ ಬೇಗ ಮುಗಿಸುತ್ತವೆ. ಕೈಯಿಂದ ಮಾಡಿದ ರಾಸ್ಪ್‌ಗಳಲ್ಲಿ ಎಡಗೈಗೆ, ಬಲಗೈಗೆ ಎಂದು ಬೇರೆ ಬೇರೆ ಇರುತ್ತವೆ, ಹಲ್ಲು ಓರೆಯಾಗಿರುವ ದಿಕ್ಕು ಬೇರೆ. ಎಡಗೈಯವರು ಆರ್ಡರ್ ಮಾಡುವಾಗಲೇ ಹೇಳಬೇಕು.

ಫೈಲ್‌ನ ಲೆಕ್ಕ ಬೇರೆ. ಬ್ಯಾಸ್ಟರ್ಡ್, ಸೆಕೆಂಡ್ ಕಟ್, ಸ್ಮೂತ್ ಎಂದು ಒರಟಿನಿಂದ ನಯಕ್ಕೆ ಹೋಗುತ್ತದೆ. ಇಲ್ಲೊಂದು ಮರೆಯಬಾರದ ಸಂಗತಿ: ಈ ಹೆಸರು ಫೈಲ್‌ನ ಉದ್ದಕ್ಕೆ ತಕ್ಕಂತೆ ಬದಲಾಗುತ್ತದೆ. 300 ಮಿ.ಮೀ. ಸೆಕೆಂಡ್ ಕಟ್‌ನ ಹಲ್ಲು 150 ಮಿ.ಮೀ. ಸೆಕೆಂಡ್ ಕಟ್‌ಗಿಂತ ಬಹಳ ದೊಡ್ಡದು. ಹೆಸರು ಮಾತ್ರ ನೋಡಿ ತರಿಸಿದರೆ ಮೋಸ ಹೋಗುತ್ತೀರಿ, ಉದ್ದವನ್ನೂ ಸೇರಿಸಿಯೇ ನೋಡಬೇಕು. ಒಂದೇ ದಿಕ್ಕಿನ ಗೆರೆಯಿರುವ ಸಿಂಗಲ್ ಕಟ್ ನಯವಾದ ಮೈ ಬಿಡುತ್ತದೆ. ಗೆರೆಗಳು ಒಂದನ್ನೊಂದು ದಾಟುವ ಡಬಲ್ ಕಟ್ ಬೇಗ ತೆಗೆಯುತ್ತದೆ.

ಮೊದಲು ಕೊಳ್ಳಬೇಕಾದವು

ಮೊದಲನೆಯದು ಶಿಂಟೋ ಸಾ-ರಾಸ್ಪ್. ಜಪಾನಿನದು, ಗರಗಸದ ಅಲಗುಗಳನ್ನು ಅಲೆಅಲೆಯಾಗಿ ಬಗ್ಗಿಸಿ ರಿವೆಟ್ ಹೊಡೆದು ಜೋಡಿಸಿದ್ದು. ಒಂದು ಮೈ ಒರಟು, ಇನ್ನೊಂದು ನಯ. ಅಲಗುಗಳ ನಡುವೆ ತೆರಪು ಇರುವುದರಿಂದ ಪುಡಿ ಕಟ್ಟಿಕೊಳ್ಳುವುದಿಲ್ಲ. ಬೆಲೆಯೂ ಕೈಗೆಟುಕುತ್ತದೆ. ನೇರ ಮತ್ತು ಹೊರಉಬ್ಬಿನ ಮೈಗೆ ಇದಕ್ಕಿಂತ ಬೇಗ ಕೆಲಸ ಮಾಡುವ ಕೈ ಉಪಕರಣ ವಿರಳ. ಆದರೆ ಇದು ಚಪ್ಪಟೆ. ಒಳಗುಳಿಗೆ, ಅಂದರೆ ಹೀಲ್‌ನ ತಿರುವಿಗೆ, ಹೋಗುವುದಿಲ್ಲ.

ಎರಡನೆಯದು ಕೈಯಿಂದ ಮಾಡಿದ ಅರೆದುಂಡು ರಾಸ್ಪ್, 250 ಮಿ.ಮೀ., ಗ್ರೇನ್ 9 ಅಥವಾ 10. ಕೈಯಲ್ಲಿರುವ ಹಣದ ಹೆಚ್ಚಿನ ಪಾಲನ್ನು ಇದಕ್ಕೇ ಹಾಕಿ. ಒಂದು ಮೈ ಚಪ್ಪಟೆ, ಇನ್ನೊಂದು ದುಂಡು, ತುದಿಗೆ ಹೋಗುತ್ತಾ ಕಿರಿದಾಗುತ್ತದೆ. ಹಾಗಾಗಿ ಬುಡದಲ್ಲಿ ದೊಡ್ಡ ತಿರುವು, ತುದಿಯಲ್ಲಿ ಚಿಕ್ಕ ತಿರುವು, ಎರಡೂ ಒಂದರಲ್ಲೇ ಸಿಗುತ್ತವೆ. ದುಂಡು ಮೈಯ ತ್ರಿಜ್ಯ ನೀವು ಕೆತ್ತುವ ಹೀಲ್ ತಿರುವಿನ ತ್ರಿಜ್ಯಕ್ಕಿಂತ ಚಿಕ್ಕದಿರಬೇಕು. ದೊಡ್ಡದಿದ್ದರೆ ರಾಸ್ಪ್‌ನ ಎರಡು ಅಂಚು ಮಾತ್ರ ತಾಗಿ ಜೋಡಿ ಗೆರೆ ಬೀಳುತ್ತದೆ, ನಡುವೆ ದಿಬ್ಬ ಉಳಿಯುತ್ತದೆ.

ಮೂರನೆಯದು 200 ಮಿ.ಮೀ. ಅರೆದುಂಡು ಫೈಲ್, ಸೆಕೆಂಡ್ ಕಟ್. ನಾಲ್ಕನೆಯದು 6 ಮಿ.ಮೀ. ಸುಮಾರಿನ ದುಂಡು ಫೈಲ್. ಈ ನಾಲ್ಕರಲ್ಲಿ ಒಂದು ಗಿಟಾರ್ ಪೂರ್ತಿ ಮುಗಿಯುತ್ತದೆ. ಎರಡನೇ ಗಿಟಾರ್ ಹೊತ್ತಿಗೆ 150 ಮಿ.ಮೀ., ಗ್ರೇನ್ 13ರ ಚಿಕ್ಕ ರಾಸ್ಪ್ ಸೇರಿಸಿಕೊಳ್ಳಿ. ಇಪ್ಪತ್ತು ತುಂಡಿನ ಅಗ್ಗದ ಸೆಟ್‌ಗಳಿಗೆ ಹಣ ಸುರಿಯಬೇಡಿ. ಅವುಗಳಲ್ಲಿ ಹದಿನೈದು ಪೆಟ್ಟಿಗೆಯಿಂದ ಹೊರಗೆ ಬರುವುದೇ ಇಲ್ಲ.

ಇವಾಸಾಕಿ ಫೈಲ್‌ಗಳ ಬಗ್ಗೆ ಒಂದು ಮಾತು. ಇವುಗಳ ಹಲ್ಲು ಕೊರೆದು ಮಾಡಿದ ಬಾಗಿದ ಅಲಗು. ಪುಡಿಯ ಬದಲು ಸಣ್ಣ ಸಿಪ್ಪೆ ಬರುತ್ತದೆ, ಕೀಸುಳಿ ಆಡಿಸಿದಂತೆ ಮೈ ಹೊಳೆಯುತ್ತದೆ. ಎಳೆಯ ತುದಿ ಮೇಲೆದ್ದ ಜಾಗದಲ್ಲಂತೂ ಅದ್ಭುತ. ಆದರೆ ಒತ್ತಿ ತಳ್ಳಿದರೆ ಕಚ್ಚಿಕೊಂಡು ನಿಂತುಬಿಡುತ್ತದೆ, ನೆಲಕ್ಕೆ ಬಿದ್ದರೆ ಮುರಿಯುವ ಭಯ ಇದೆ. ರಾಸ್ಪ್ ಕೈಗೆ ಒಗ್ಗಿದ ಮೇಲೆ ತಗೊಳ್ಳಿ.

ಕೈಗೆ ಬಂದ ಕೂಡಲೇ ಮೂರು ಪರೀಕ್ಷೆ ಮಾಡಿ. ಗಾಜಿನ ಮೇಲೆ ಚಪ್ಪಟೆ ಮೈ ಇಟ್ಟು ನೋಡಿ: ಉಕ್ಕನ್ನು ಕಾಯಿಸಿ ತಣಿಸುವಾಗ ಪಟ್ಟಿ ಬಾಗುವುದುಂಟು. ಮಧ್ಯ ಒಂಚೂರು ಉಬ್ಬಿದ್ದರೆ ಒಳ್ಳೆಯದೇ, ತಗ್ಗಿದ್ದರೆ ಮಧ್ಯದ ಹಲ್ಲು ಮರಕ್ಕೆ ತಾಗುವುದೇ ಇಲ್ಲ, ವಾಪಸ್ ಕಳಿಸಿ. ಹಲ್ಲು ಅಂಚಿನವರೆಗೂ, ತುದಿಯವರೆಗೂ ಇವೆಯೇ ನೋಡಿ. ತುದಿಯ 15 ಮಿ.ಮೀ. ಬೋಳಾಗಿದ್ದರೆ ಹೀಲ್‌ನ ಮೂಲೆಯಲ್ಲಿ ಅದು ಕೆಲಸಕ್ಕೆ ಬಾರದು. ಕೊನೆಗೆ ಬೇಡದ ಮೇಪಲ್ ತುಂಡಿನ ಮೇಲೆ ಹತ್ತು ಸಲ ತಳ್ಳಿ, ಪಕ್ಕದಿಂದ ಟಾರ್ಚ್ ಹಿಡಿಯಿರಿ. ಮೈಯೆಲ್ಲ ಒಂದೇ ಸಮ ಮಂಕಾಗಿ ಕಂಡರೆ ರಾಸ್ಪ್ ಚೆನ್ನಾಗಿದೆ. ಎಲ್ಲೋ ಒಂದೇ ಆಳ ಗೆರೆ ಮತ್ತೆ ಮತ್ತೆ ಕಂಡರೆ ಒಂದು ಹಲ್ಲು ಉಳಿದವಕ್ಕಿಂತ ಎತ್ತರಕ್ಕಿದೆ ಎಂದರ್ಥ. ಅದನ್ನು ಹುಡುಕಿ, ನಯವಾದ ಸಾಣೆಕಲ್ಲಿನಿಂದ ಒಂದೆರಡು ಸಲ ಮೆಲ್ಲಗೆ ಸವರಿದರೆ ಸರಿಹೋಗುತ್ತದೆ.

ನೆಕ್‌ನಲ್ಲಿ ಯಾವುದು ಯಾವಾಗ

ಅಳತೆ ಇಟ್ಟುಕೊಂಡೇ ನೋಡೋಣ. ನಟ್ (ತಲೆಯ ಬುಡದಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ ಅಗಲ 43 ಮಿ.ಮೀ., ಒಂದನೇ ಫ್ರೆಟ್ಟಿನಲ್ಲಿ (ಫ್ರೆಟ್ ಎಂದರೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿ) ಒಟ್ಟು ದಪ್ಪ 21 ಮಿ.ಮೀ., ಅದರಲ್ಲಿ ಫ್ರೆಟ್‌ಗಳು ಕೂರುವ ಮೇಲಿನ ಹಲಗೆ, ಫ್ರೆಟ್‌ಬೋರ್ಡ್, 6 ಮಿ.ಮೀ. ಹಾಗಾದರೆ ಕೆಳಗಿನ ಮರ 15 ಮಿ.ಮೀ. ಟ್ರಸ್ ರಾಡ್ (ನೆಕ್ ಬಾಗದಂತೆ ಒಳಗಿಡುವ ಉಕ್ಕಿನ ಸರಳು) ಕೂರುವ ಕಾಲುವೆ 9.5 ಮಿ.ಮೀ. ಆಳವಿದ್ದರೆ ಅದರಡಿ ಉಳಿಯುವುದು 5.5 ಮಿ.ಮೀ. ಅಷ್ಟೇ. ಇದು 3 ಮಿ.ಮೀ.ಗಿಂತ ಕಡಿಮೆಯಾಗಬಾರದು, ರಾಡ್ ಬಿಗಿ ಮಾಡಿದಾಗ ಮರ ಉಬ್ಬಬಹುದು, ಸೀಳಲೂಬಹುದು. ಕೆತ್ತುವ ಮೊದಲು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿಡಿ.

ನೆಕ್ಕನ್ನು ಫ್ರೆಟ್‌ಬೋರ್ಡ್ ಕೆಳಗೆ ಮಾಡಿ, ಉದ್ದಕ್ಕೂ ಆಸರೆ ಕೊಡುವ ಗಟ್ಟಿ ಹಲಗೆಯ ಮೇಲೆ ಕ್ಲ್ಯಾಂಪ್ ಹಾಕಿ. ಎರಡು ತುದಿ ಮಾತ್ರ ಹಿಡಿದರೆ ಮಧ್ಯ ಅದುರುತ್ತದೆ, ಆ ಅದುರಿನ ಅಲೆ ಮರದ ಮೇಲೆ ಮೂಡುತ್ತದೆ. ಫ್ರೆಟ್‌ಬೋರ್ಡಿನ ಬದಿಗೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ. ಬೆನ್ನಿನ ಮೇಲೆ ಮಧ್ಯರೇಖೆ ಎಳೆಯಿರಿ. ಅದನ್ನು ಕೊನೆಯವರೆಗೂ ಅಳಿಸಬೇಡಿ, ಅಳಿಸಿಹೋದ ತಕ್ಷಣ ಮತ್ತೆ ಎಳೆಯಿರಿ.

ಮೊದಲು ದಪ್ಪ. ಬೆನ್ನು ಇನ್ನೂ ಚಪ್ಪಟೆಯಿರುವಾಗಲೇ ಒಂದನೇ ಫ್ರೆಟ್ಟಿನಲ್ಲಿ 21, ಹನ್ನೆರಡರಲ್ಲಿ 23 ಮಿ.ಮೀ. ತಲುಪಬೇಕು, ಅಂತಿಮ ಅಳತೆಗೆ ಅರ್ಧ ಮಿ.ಮೀ. ಹೆಚ್ಚು ಉಳಿಸಿ. ಶಿಂಟೋ ಒರಟು ಮೈಯಿಂದ 1 ಮಿ.ಮೀ. ಬಾಕಿ ಇರುವವರೆಗೆ ಇಳಿಸಿ, ಆಮೇಲೆ ನಯ ಮೈ.

ಈಗ ಓರೆ ಮುಖಗಳು. ಬೆನ್ನಿನ ಅಡ್ಡಕೊಯ್ತ ಅರ್ಧ ದೀರ್ಘವೃತ್ತದಂತೆ ಬರಬೇಕೆಂದರೆ, ಒಂದನೇ ಫ್ರೆಟ್ಟಿನಲ್ಲಿ ಮಧ್ಯರೇಖೆಯಿಂದ ಎರಡೂ ಕಡೆ 11 ಮಿ.ಮೀ. ದೂರದಲ್ಲಿ ಗುರುತು ಹಾಕಿ. ಬದಿಯಲ್ಲಿ ಫ್ರೆಟ್‌ಬೋರ್ಡಿನ ಅಂಟಿನ ಗೆರೆಯಿಂದ ಬೆನ್ನಿನ ಕಡೆಗೆ 4.7 ಮಿ.ಮೀ. ಹನ್ನೆರಡನೇ ಫ್ರೆಟ್ಟಿನಲ್ಲಿ ಅಗಲ 52, ಮರದ ದಪ್ಪ 17 ಇದ್ದರೆ ಗುರುತು 14 ಮತ್ತು 5 ಮಿ.ಮೀ. ಗುರುತುಗಳನ್ನು ಉದ್ದಕ್ಕೂ ಸೇರಿಸಿ ಗೆರೆ ಎಳೆಯಿರಿ. ಬೆನ್ನಿನ ಗೆರೆಗೂ ಬದಿಯ ಗೆರೆಗೂ ನಡುವಿನ ಮೂಲೆಯನ್ನು 45 ಡಿಗ್ರಿಗೆ ತೆಗೆದರೆ ಮೊದಲ ಮುಖ ಸಿದ್ಧ. ಇದು ಪೂರ್ತಿ ಶಿಂಟೋ ಕೆಲಸ. ಗೆರೆ ಮುಟ್ಟುವ ಮೊದಲು 1 ಮಿ.ಮೀ. ಉಳಿಸಿ ಗ್ರೇನ್ 9ಕ್ಕೆ ಬನ್ನಿ.

ಎರಡನೇ ಸುತ್ತಿಗೆ ಹೊಸ ಲೆಕ್ಕ ಬೇಡ. ಬೆನ್ನಿನ ಚಪ್ಪಟೆ ಪಟ್ಟಿ 22 ಮಿ.ಮೀ. ಇದೆಯಲ್ಲ, ಅದನ್ನು ನಾಲ್ಕು ಪಾಲು ಮಾಡಿ ನಡುವಿನ ಎರಡು ಪಾಲು ಉಳಿಸಿ, ಅಂಚಿನ ಒಂದೊಂದು ಪಾಲು ಹೋಗಬೇಕು. ಪಕ್ಕದ ಓರೆ ಮುಖಕ್ಕೂ ಹಾಗೇ ಗೆರೆ ಹಾಕಿ, ಎರಡು ಗೆರೆಗಳ ನಡುವಿನ ಏಣನ್ನು ಗ್ರೇನ್ 9ರ ಚಪ್ಪಟೆ ಮೈಯಿಂದ ತೆಗೆಯಿರಿ. ಇಷ್ಟಾದಾಗ ಕೈಗೆ ನೆಕ್ ದುಂಡಗೇ ಸಿಗುತ್ತದೆ. ಉಳಿದ ಸಣ್ಣ ಏಣುಗಳ ಮೇಲೆ ಪೆನ್ಸಿಲ್ ಸೀಸ ಉಜ್ಜಿ ಕಪ್ಪು ಮಾಡಿ, ಫೈಲನ್ನು ದುಂಡಗೆ ಹೊರಳಿಸುತ್ತಾ ಕಪ್ಪು ಹೋಗುವವರೆಗೆ ಮಾತ್ರ ತಳ್ಳಿ. ಮತ್ತೆ ಕಪ್ಪು ಮಾಡಿ. ಈ ಹಂತದಲ್ಲಿ ಅವಸರ ಮಾಡಿದವರ ನೆಕ್‌ನಲ್ಲಿ ಹೆಬ್ಬೆರಳಿಗೆ ಸಿಗುವ ಒಂದು ಕೋನ ಉಳಿದೇ ಉಳಿಯುತ್ತದೆ.

ತಳ್ಳುವ ಬಗೆಯಲ್ಲೇ ಅರ್ಧ ಕೆಲಸ ಇದೆ. ರಾಸ್ಪ್‌ನ ಹಲ್ಲು ಮುಂದಕ್ಕೆ ಹೋಗುವಾಗ ಮಾತ್ರ ಕತ್ತರಿಸುತ್ತದೆ. ಹಿಂದಕ್ಕೆ ಎಳೆಯುವಾಗ ಮೇಲೆತ್ತಿ. ಉಜ್ಜಿಕೊಂಡೇ ಎಳೆದರೆ ಹಲ್ಲಿನ ಬೆನ್ನು ಸವೆದು ಬೇಗ ಮೊಂಡಾಗುತ್ತದೆ. ರಾಸ್ಪನ್ನು ನೆಕ್‌ನ ಉದ್ದಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ತಳ್ಳುತ್ತಲೇ ಪಕ್ಕಕ್ಕೂ ಜಾರಿಸಿ. ನಾಲ್ಕು ಸಲ ಹೀಗೆ, ನಾಲ್ಕು ಸಲ ಎದುರು ಓರೆಗೆ. ಎರಡು ದಿಕ್ಕಿನ ಗೀರು ಒಂದನ್ನೊಂದು ದಾಟಿದಾಗ ದಿಬ್ಬ ಎಲ್ಲಿದೆ ಎಂದು ಕಣ್ಣಿಗೇ ಕಾಣುತ್ತದೆ: ಹೊಸ ಗೀರು ಬಿದ್ದಲ್ಲಿ ದಿಬ್ಬ, ಹಳೆಯ ಗೀರು ಉಳಿದಲ್ಲಿ ತಗ್ಗು. ಮುಂದಿನ ಕೈ ದಾರಿ ತೋರಿಸಲಿ, ಭಾರ ಹಾಕದಿರಲಿ. ಒತ್ತಿದರೆ ಹಲ್ಲಿನ ಸಂದಿ ತುಂಬಿಕೊಂಡು ರಾಸ್ಪ್ ಜಾರುತ್ತದೆ, ಜಾರಿತೆಂದು ಇನ್ನೂ ಒತ್ತುತ್ತೀರಿ, ಗೀರು ಇನ್ನೂ ಆಳವಾಗುತ್ತದೆ.

ಅಂಚಿನಿಂದ ಹೊರಗೆ ಹೋಗುವ ತಳ್ಳು ಯಾವತ್ತೂ ಬೇಡ. ರಾಸ್ಪ್ ಮರದ ಅಂಚು ದಾಟಿ ಹೊರಬರುವಲ್ಲಿ ಆಸರೆಯಿಲ್ಲದ ಎಳೆ ಸಿಬಿರಾಗಿ ಎದ್ದು ಬರುತ್ತದೆ. ಅಂಚಿನಿಂದ ಒಳಕ್ಕೆ ತಳ್ಳಿ. ಹೀಲ್ ಹತ್ತಿರ ಮರ ದಪ್ಪವಾಗುತ್ತಾ ಏರುವುದರಿಂದ ಎಳೆಗಳು ಮಧ್ಯದಲ್ಲೇ ಕತ್ತರಿಸಿ ಮೇಲೆ ನಿಂತಿರುತ್ತವೆ. ಅಲ್ಲಿ ಎತ್ತರದಿಂದ ತಗ್ಗಿಗೆ, ಅಂದರೆ ಹೀಲ್‌ನಿಂದ ನೆಕ್ ಮಧ್ಯದ ಕಡೆಗೆ ಕೆಲಸ ಮಾಡಿ. ಹೆಡ್‌ಸ್ಟಾಕ್ (ತಂತಿ ಬಿಗಿಸುವ ತಲೆ) ಸೇರುವ ಜಾಗವೂ ಹಾಗೇ: ನೆಕ್‌ನಲ್ಲೇ ಅತಿ ಬಲಹೀನ ಜಾಗ ಅದು, ಟ್ರಸ್ ರಾಡ್ ಬಾಯಿ ಅಲ್ಲೇ ಇದ್ದರೆ ಇನ್ನೂ ಬಲಹೀನ. ಗ್ರೇನ್ 13ರ ಚಿಕ್ಕ ರಾಸ್ಪ್‌ನ ದುಂಡು ಮೈ, ಹಗುರ ಕೈ. ಚಿಕ್ಕ ರಾಸ್ಪ್ ಇಲ್ಲದಿದ್ದರೆ ಗ್ರೇನ್ 9ರ ತುದಿಯಿಂದ 1 ಮಿ.ಮೀ. ಬಾಕಿ ಇರುವಾಗಲೇ ನಿಲ್ಲಿಸಿ ಫೈಲ್‌ಗೆ ಹೋಗಿ.

ಎಷ್ಟು ಬಾಕಿ ಇರುವಾಗ ಯಾವುದನ್ನು ಕೆಳಗಿಡಬೇಕು? ಶಿಂಟೋ ಒರಟು ಮೈ 1 ಮಿ.ಮೀ. ಇರುವಾಗ, ಗ್ರೇನ್ 9 ಅರ್ಧ ಮಿ.ಮೀ. ಇರುವಾಗ, ಸೆಕೆಂಡ್ ಕಟ್ ಫೈಲ್ 0.2 ಮಿ.ಮೀ. ಇರುವಾಗ. ಉಳಿದದ್ದು ಸ್ಕ್ರೇಪರ್ (ಹೆರೆಯುವ ಉಕ್ಕಿನ ತಗಡು) ಮತ್ತು ಉಪ್ಪುಕಾಗದದ ಪಾಲು. 120 ಗ್ರಿಟ್ ಕಾಗದದಿಂದ ಶುರು ಮಾಡಿದರೆ ಸಾಕು. ಅದಕ್ಕಿಂತ ಒರಟಾದ 80 ಬೇಕೆನಿಸಿದರೆ ಫೈಲ್ ಕೆಲಸ ಮುಗಿದಿಲ್ಲ, ಹಿಂದಕ್ಕೆ ಹೋಗಿ. ಉದ್ದಕ್ಕೂ ಉಕ್ಕಿನ ಸ್ಕೇಲನ್ನು ಅದರ ಅಂಚಿನ ಮೇಲೆ ನಿಲ್ಲಿಸಿ ಹಿಂದಿನಿಂದ ಬೆಳಕು ಬಿಡಿ, ಪ್ರತಿ ಎರಡು ಫ್ರೆಟ್ಟಿಗೊಮ್ಮೆ ಕ್ಯಾಲಿಪರ್ ಹಿಡಿಯಿರಿ.

ಮರ ಬದಲಾದರೆ

ಮಹಾಗನಿ ಎಲ್ಲದಕ್ಕೂ ಒಗ್ಗುತ್ತದೆ. ಎಳೆ ಅತ್ತಿತ್ತ ತಿರುಗಿದ್ದರೆ ಮಾತ್ರ ಉಳಿ ಕಿತ್ತುಹಾಕುವ ಜಾಗದಲ್ಲಿ ರಾಸ್ಪ್ ಉಳಿಸುತ್ತದೆ. ಮೇಪಲ್ ಗೀರನ್ನು ಬಚ್ಚಿಡುವುದಿಲ್ಲ, ಬಣ್ಣ ಅಥವಾ ಪಾಲಿಶ್ ಹಚ್ಚಿದ ಮೇಲೆ ಎಲ್ಲ ಎದ್ದು ಕಾಣುತ್ತದೆ, ಹಾಗಾಗಿ ಒರಟು ರಾಸ್ಪನ್ನು ಇನ್ನೂ ಬೇಗ ಕೆಳಗಿಡಿ. ಸ್ಪ್ರೂಸ್, ಸೀಡರ್ ಮೆದು: ಮೊಂಡು ರಾಸ್ಪ್ ಇವುಗಳ ಎಳೆಯನ್ನು ಜಜ್ಜುತ್ತದೆ. ಬ್ರೇಸ್‌ಗಳ (ಬಾಡಿಯ ಹಲಗೆಗೆ ಒಳಬದಿಯಿಂದ ಅಂಟಿಸುವ ಆಸರೆ ಪಟ್ಟಿಗಳ) ತುದಿ ತೆಳುಮಾಡಲು ಹರಿತವಾದ ಉಳಿಯೇ ಸರಿ, ಕೊನೆಗೆ ಬೇಕಾದರೆ ನಯವಾದ ಫೈಲ್. ಎಬನಿ, ಬೀಟೆ ಮರದ ಬ್ರಿಡ್ಜ್‌ಗೆ (ಬಾಡಿಯ ಮೇಲೆ ತಂತಿ ಹಿಡಿಯುವ ತುಂಡಿಗೆ) ಫೈಲ್ ಮಾತ್ರ; ಅಂಚು ಪಟ್ಟನೆ ಚಕ್ಕೆ ಎದ್ದು ಹೋಗುತ್ತದೆ. ಈ ಎರಡರ ಪುಡಿ ಅನೇಕರಿಗೆ ಚರ್ಮ ತುರಿಕೆ, ಉಸಿರಿನ ತೊಂದರೆ ತರುತ್ತದೆ, ಕೈ ಕೆಲಸವೆಂದು ಮಾಸ್ಕ್ ಬಿಡಬೇಡಿ. ಪ್ಲಾಸ್ಟಿಕ್ ಬೈಂಡಿಂಗ್ (ಅಂಚಿಗೆ ಅಂಟಿಸುವ ಪಟ್ಟಿ) ಮೇಲೆ ರಾಸ್ಪ್ ಆಡಿಸಬೇಡಿ, ತುಣುಕು ಹಾರಿಹೋಗುತ್ತದೆ.

ಎಲೆಕ್ಟ್ರಿಕ್ ಗಿಟಾರ್ ಬಾಡಿಯ ಮುಂಗೈ ಓರೆ, ಹೊಟ್ಟೆಯ ತಗ್ಗು ಇವಕ್ಕೆ ಶಿಂಟೋ ಮತ್ತು ಗ್ರೇನ್ 9 ಸಾಕೇ ಸಾಕು. ಓರೆಯ ಎರಡೂ ಅಂಚಿನ ಗೆರೆ ಮೊದಲೇ ಎಳೆದುಕೊಳ್ಳಿ. ಹೊಟ್ಟೆಯ ತಗ್ಗಿಗೆ ಅರೆದುಂಡಿನ ಅಗಲವಾದ ಬುಡದ ಭಾಗ ಬಳಸಿ. ತುದಿ ಬಳಸಿದರೆ ಅಲೆಅಲೆಯಾಗುತ್ತದೆ. ಕಟ್‌ಅವೇ (ನೆಕ್ ಪಕ್ಕದಲ್ಲಿ ಬಾಡಿಯನ್ನು ಕತ್ತರಿಸಿದ ತಗ್ಗು) ಒಳಗೆ ದುಂಡು ಫೈಲಿಗಿಂತ ಅರೆದುಂಡು ಮೇಲು, ದುಂಡು ಫೈಲ್ ಒಂದೇ ಜಾಗದಲ್ಲಿ ಗುಳಿ ತೋಡುತ್ತದೆ.

ಫ್ರೆಟ್, ನಟ್‌ಗಳ ಫೈಲ್ ಬೇರೆಯೇ ಇಡಿ. ಫ್ರೆಟ್ ತಂತಿ ಉಜ್ಜಿದ ಫೈಲ್‌ನಲ್ಲಿ ಲೋಹದ ಚೂರು ಸಿಕ್ಕಿಕೊಂಡಿರುತ್ತದೆ. ಅದನ್ನೇ ಮೇಪಲ್ ಮೇಲೆ ಆಡಿಸಿದರೆ ಕಪ್ಪು ಕಲೆ ಎಳೆಯೊಳಗೆ ಇಳಿಯುತ್ತದೆ, ಹೋಗುವುದಿಲ್ಲ.

ಚೊಕ್ಕಟ, ಜೋಪಾನ

ಕೊಳೆ ಬಿಡಿಸಲು ರಾಸ್ಪನ್ನು ವೈಸಿಗೆ, ಬೆಂಚಿಗೆ ಕುಟ್ಟಬೇಡಿ. ಗಟ್ಟಿ ಮಾಡಿದ ಹಲ್ಲಿನ ತುದಿ ಗಾಜಿನಂತೆ ಮುರಿಯುತ್ತದೆ. ಕೈಯಿಂದ ಮಾಡಿದ ರಾಸ್ಪ್‌ಗೆ ಉಕ್ಕಿನ ಬ್ರಷ್ ಕೂಡ ಬೇಡ, ಗಡಸು ನೈಲಾನ್ ಬ್ರಷ್ ಸಾಕು. ಫೈಲ್‌ಗೆ ಸೀಮೆಸುಣ್ಣ ಉಜ್ಜಿಕೊಂಡು ಕೆಲಸ ಶುರು ಮಾಡಿದರೆ ಪುಡಿ ಅಷ್ಟಾಗಿ ಅಂಟುವುದಿಲ್ಲ. ಬೀಟೆಯ ಅಂಟು ಕಟ್ಟಿಕೊಂಡಿದ್ದರೆ ಸ್ಪಿರಿಟ್‌ನಲ್ಲಿ ಐದು ನಿಮಿಷ ನೆನೆಸಿ ಬ್ರಷ್ ಮಾಡಿ, ಪೂರ್ತಿ ಒಣಗಿಸಿ. ತುಕ್ಕು ಬಾರದಂತೆ ಎಣ್ಣೆ ಸವರಿಟ್ಟಿದ್ದರೆ ಮರ ಮುಟ್ಟಿಸುವ ಮುನ್ನ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಎಣ್ಣೆ ತಾಗಿದ ಜಾಗದಲ್ಲಿ ಪಾಲಿಶ್ ಹಿಡಿಯುವುದಿಲ್ಲ. ಒಂದಕ್ಕೊಂದು ತಾಗದಂತೆ ಬಟ್ಟೆಯ ಜೇಬಿನಲ್ಲೋ ಗೂಡಿನಲ್ಲೋ ಇಡಿ. ಹಿಡಿಯಿಲ್ಲದ ರಾಸ್ಪ್ ಬಳಸಲೇಬೇಡಿ. ರಾಸ್ಪ್ ತಟ್ಟನೆ ಕಚ್ಚಿ ನಿಂತಾಗ ಅದರ ಚೂಪು ಬಾಲ ಅಂಗೈಗೆ ಇಳಿಯುತ್ತದೆ.

ಮೊಂಡಾಯಿತೆಂದು ತಿಳಿಯಲು ರಾಸ್ಪನ್ನು ಬೆಳಕಿನಡಿ ಓರೆ ಮಾಡಿ. ಹರಿತ ಹಲ್ಲಿನ ತುದಿ ಕಪ್ಪಾಗಿ ಕಾಣುತ್ತದೆ, ಸವೆದ ತುದಿಯಲ್ಲಿ ಸೂಜಿಮೊನೆಯಷ್ಟು ಬಿಳಿ ಹೊಳಪು ಮಿನುಗುತ್ತದೆ. ಅರ್ಧಕ್ಕಿಂತ ಹೆಚ್ಚು ಹಲ್ಲು ಹೊಳೆದರೆ ಆ ರಾಸ್ಪನ್ನು ನೆಕ್‌ನಿಂದ ಬಿಡಿಸಿ, ಪ್ಲೈವುಡ್ ಅಚ್ಚು, ಮೌಲ್ಡ್ ಉಜ್ಜುವ ಕೆಲಸಕ್ಕೆ ಹಾಕಿ.